ಹಸಿ ತಟ್ಟೆಯ ಉಪ್ಪಿನ ಲೆಕ್ಕ: ಒಲೆ ಹಚ್ಚದೆ ಉಣ್ಣುವವರಿಗೆ ಸಮಗ್ರ ಮಾರ್ಗದರ್ಶಿ

ಬೇಯಿಸಿದ್ದನ್ನು ಬಿಟ್ಟು, ಹಾಲು ಮೊಟ್ಟೆ ಮಾಂಸವನ್ನೂ ಬಿಟ್ಟು, ಬರೀ ಹಣ್ಣು, ಸೊಪ್ಪು, ಕಾಯಿ, ಬೀಜ, ಮೊಳಕೆಗಳ ಮೇಲೆ ನಿಂತ ಮೂರನೆಯ ತಿಂಗಳು ಅದು. ಒಂದು ಸಂಜೆ ಕುರ್ಚಿಯಿಂದ ಎದ್ದೆ, ಕಣ್ಣು ಕತ್ತಲೆ ಬಂತು, ಗೋಡೆ ಹಿಡಿದು ನಿಂತೆ. ಮರುದಿನವೂ ಅದೇ. ಹಸಿ ಆಹಾರದ ಹಳಬರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಡಿಟಾಕ್ಸ್ ಆಗ್ತಿದೆ, ಇನ್ನಷ್ಟು ನೀರು ಕುಡಿ.’ ಕುಡಿದೆ. ತಲೆನೋವು ಹೆಚ್ಚಾಯಿತು. ಕೊನೆಗೆ ಗೊತ್ತಾಗಿದ್ದೇನೆಂದರೆ, ಉಪ್ಪನ್ನು ನಾನು ಯಾವತ್ತೋ ಮರೆತುಬಿಟ್ಟಿದ್ದೆ. ಬಿಡಬೇಕೆಂದು ತೀರ್ಮಾನಿಸಿ ಬಿಟ್ಟಿದ್ದಲ್ಲ. ಅಡುಗೆ ಮಾಡುವುದನ್ನು ನಿಲ್ಲಿಸಿದ್ದೆ, ಅಡುಗೆಯ ಜೊತೆ ಉಪ್ಪಿನ ಡಬ್ಬಿಯೂ ಅಟ್ಟಕ್ಕೆ ಹೋಗಿತ್ತು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತದೆ ಗಾದೆ. ಹಸಿ ಆಹಾರದವರಿಗೆ ಅದನ್ನು ತಿರುವಿ ಹೇಳಬೇಕು: ಇಷ್ಟೊಂದು ನೀರು, ಇಷ್ಟೊಂದು ನೀರುಗಾಯಿ ಹೊಟ್ಟೆಗಿಳಿಸಿದವನು ಒಂದಿಷ್ಟು ಉಪ್ಪು ತಿನ್ನಲೇಬೇಕು.

ಈ ಪದ್ಧತಿಯನ್ನು ಬಿಡಿಸುವುದಕ್ಕಾಗಲಿ ಹೊಗಳುವುದಕ್ಕಾಗಲಿ ಈ ಬರಹ ಅಲ್ಲ. ಹಸಿ ಊಟ ಕೆಲವನ್ನು ಹೊರೆಗಟ್ಟಲೆ ಕೊಡುತ್ತದೆ: ಪೊಟ್ಯಾಸಿಯಂ, ವಿಟಮಿನ್ ಸಿ, ಫೋಲೇಟ್, ನಾರು. ಕೆಲವನ್ನು ಶ್ರಮಪಟ್ಟರೆ ಕೊಡುತ್ತದೆ: ಕ್ಯಾಲ್ಸಿಯಂ, ಕಬ್ಬಿಣ, ಸತು, ಪ್ರೊಟೀನ್. ಇನ್ನು ಕೆಲವನ್ನು ಎಷ್ಟೇ ತಿಂದರೂ ಕೊಡುವುದಿಲ್ಲ, ಅಥವಾ ನಂಬಿ ಕೂರುವಷ್ಟು ಕೊಡುವುದಿಲ್ಲ: ಸೋಡಿಯಂ, ಅಯೋಡಿನ್, ಬಿ12, ಡಿ. ಈ ಮೂರನೆಯ ಗುಂಪನ್ನು ಹೊರಗಿನಿಂದ ತರಬೇಕು. ಹೇಗೆ ಎಂಬುದನ್ನು ಮಾಡಬೇಕಾದ ಕ್ರಮದಲ್ಲೇ ಹೇಳುತ್ತೇನೆ.

ಶುರು ಮಾಡುವ ಮುನ್ನ: ಇದು ಯಾರಿಗಲ್ಲ

ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮುಂದಿನ ಉಪ್ಪಿನ ಅಳತೆಯನ್ನು ತಮಗೆ ತಾವೇ ಅನ್ವಯಿಸಿಕೊಳ್ಳಬಾರದು. ಮೂತ್ರಪಿಂಡ ಸೋತಿರುವವರಿಗೆ ಉಪ್ಪಿಗಿಂತ ಮೊದಲೇ ಹಸಿ ಊಟದ ಪೊಟ್ಯಾಸಿಯಂ ಅಪಾಯ ತಂದೀತು. ರಕ್ತದೊತ್ತಡದ ಕೆಲವು ಮಾತ್ರೆಗಳೂ ದೇಹದಲ್ಲಿ ಪೊಟ್ಯಾಸಿಯಂ ಉಳಿಸುತ್ತವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ರಾಶಿ ಸೊಪ್ಪು ತಿನ್ನತೊಡಗಿದರೆ ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಕೆಲಸವನ್ನು ಕೆಡಿಸುತ್ತದೆ. ಗರ್ಭಿಣಿಯರು, ಹಾಲೂಡಿಸುವವರು, ಮಕ್ಕಳು ಪೂರ್ತಿ ಹಸಿ ಊಟದ ಪ್ರಯೋಗಕ್ಕೆ ಇಳಿಯಬಾರದು. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಹೆಜ್ಜೆ 1: ಮೂರು ದಿನ ತೂಗಿ, ಬರೆದಿಡಿ

ಅಡುಗೆಮನೆಯ ಒಂದು ಸಣ್ಣ ತಕ್ಕಡಿ ಸಾಕು. ಮೂರು ದಿನ ಬಾಯಿಗೆ ಹೋಗುವುದನ್ನೆಲ್ಲ ಗ್ರಾಂ ಲೆಕ್ಕದಲ್ಲಿ ಬರೆಯಿರಿ. ಪೋಷಕಾಂಶದ ಲೆಕ್ಕ ಹಾಕುವ ಆ್ಯಪ್‌ಗಳಿವೆ, ಅವುಗಳಿಗೆ ಈ ಅಂಕಿ ಹಾಕಿ. ಮೂರು ದಿನದ ನಂತರ ಮೊದಲು ನೋಡಬೇಕಾದ್ದು ವಿಟಮಿನ್ ಅಲ್ಲ, ಒಟ್ಟು ಕ್ಯಾಲರಿ.

ಹೊಟ್ಟೆ ತುಂಬುವುದು ಬೇರೆ, ಶಕ್ತಿ ತುಂಬುವುದು ಬೇರೆ. ನೂರು ಗ್ರಾಂ ಸೌತೆಕಾಯಿಯಲ್ಲಿ 15 ಕ್ಯಾಲರಿ, ಟೊಮೇಟೊದಲ್ಲಿ 18. ದೊಡ್ಡ ಬಟ್ಟಲು ಸಲಾಡ್ ಮುಗಿಸಿ ತೇಗಿದರೂ ನೂರೈವತ್ತು ಕ್ಯಾಲರಿ ದಾಟಿರುವುದಿಲ್ಲ. ಜರ್ಮನಿಯ ಗೀಸೆನ್ ವಿಶ್ವವಿದ್ಯಾಲಯದವರು ಬಹುಕಾಲದಿಂದ ಹಸಿ ಆಹಾರ ತಿನ್ನುತ್ತಿದ್ದ ಐನೂರಕ್ಕೂ ಹೆಚ್ಚು ಜನರನ್ನು ಅಧ್ಯಯನ ಮಾಡಿ 1999ರಲ್ಲಿ ಪ್ರಕಟಿಸಿದ ವರದಿಯಲ್ಲಿ, 45 ವರ್ಷದೊಳಗಿನ ಮಹಿಳೆಯರ ಪೈಕಿ ಸುಮಾರು ಶೇ 30 ಮಂದಿಯ ಮುಟ್ಟು ಏರುಪೇರಾಗಿತ್ತು ಅಥವಾ ಪೂರ್ತಿ ನಿಂತಿತ್ತು. ಊಟದಲ್ಲಿ ಹಸಿಯ ಪಾಲು ಹೆಚ್ಚಿದಷ್ಟೂ ತೂಕ ಇಳಿದಿತ್ತು. ಮುಟ್ಟು ನಿಂತರೆ ಅದನ್ನು ಶುದ್ಧಿ ಎಂದು ಹೊಗಳುವವರಿದ್ದಾರೆ. ಅದು ಶುದ್ಧಿಯಲ್ಲ. ಶಕ್ತಿ ಸಾಲದೆ ದೇಹ ಕೆಲವು ಕೋಣೆಗಳ ದೀಪ ಆರಿಸಿದೆ, ಅಷ್ಟೆ.

ಒಟ್ಟು ಕಡಿಮೆ ಬಂದರೆ ಸೊಪ್ಪು ಹೆಚ್ಚಿಸಬೇಡಿ. ಬಾಳೆಹಣ್ಣು, ಖರ್ಜೂರ, ಬೆಣ್ಣೆಹಣ್ಣು, ಬೀಜಗಳನ್ನು ಹೆಚ್ಚಿಸಿ.

ಹೆಜ್ಜೆ 2: ಉಪ್ಪು

ಮೊದಲು ಒಂದು ಗೊಂದಲ ಬಿಡಿಸೋಣ. ಹಸಿ ಆಹಾರದವರು ಸಾಮಾನ್ಯವಾಗಿ 42ರಿಂದ 48 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸದಿರುವುದನ್ನು ಗೆರೆಯಾಗಿ ಇಟ್ಟುಕೊಳ್ಳುತ್ತಾರೆ. ಕಿಣ್ವ ಸಾಯುತ್ತದೆ, ವಿಟಮಿನ್ ಹೋಗುತ್ತದೆ ಎಂಬುದು ಅದರ ಹಿಂದಿನ ವಾದ. ಉಪ್ಪಿನಲ್ಲಿ ಸಾಯಲು ಕಿಣ್ವವಿಲ್ಲ, ಹೋಗಲು ವಿಟಮಿನ್ ಇಲ್ಲ. ಅದು ಖನಿಜ. ಹಸಿ ಉಪ್ಪು, ಬೆಂದ ಉಪ್ಪು ಎಂಬ ಎರಡು ಜಾತಿ ಇಲ್ಲವೇ ಇಲ್ಲ. ಹಾಗಾಗಿ ಉಪ್ಪು ಮುಟ್ಟಿದರೆ ವ್ರತಭಂಗವಾಯಿತೆಂದು ಕೊರಗಬೇಕಿಲ್ಲ.

ಈಗ ಲೆಕ್ಕ. ಉಪ್ಪಿನ ತೂಕದಲ್ಲಿ ಸುಮಾರು ಶೇ 40 ಸೋಡಿಯಂ. ಮಟ್ಟಸವಾದ ಒಂದು ಟೀ ಚಮಚ ಪುಡಿ ಉಪ್ಪು ಆರು ಗ್ರಾಂ ತೂಗುತ್ತದೆ, ಅದರಲ್ಲಿ ಹೆಚ್ಚುಕಡಿಮೆ 2,300 ಮಿ.ಗ್ರಾಂ ಸೋಡಿಯಂ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 2,000 ಮಿ.ಗ್ರಾಂ ಸೋಡಿಯಂನ, ಅಂದರೆ ಐದು ಗ್ರಾಂ ಉಪ್ಪಿನ, ಒಳಗಿರಿ ಎನ್ನುತ್ತದೆ. ಅಮೆರಿಕದ ಪೋಷಣಾ ಮಾನದಂಡ ‘ಸಾಕಷ್ಟು’ ಎಂದು ಹೇಳುವುದು 1,500 ಮಿ.ಗ್ರಾಂ. ನಮ್ಮ ಗುರಿ 1,500ರ ಆಸುಪಾಸು, 2,000ದ ಒಳಗೆ.

ಲೋಕದ ಉಳಿದವರೆಲ್ಲ ಮೇಲಿನ ಗೆರೆ ದಾಟಿ ಕಷ್ಟಪಡುತ್ತಿದ್ದರೆ, ಹಸಿ ತಟ್ಟೆಯವರು ಕೆಳಗಿನ ಗೆರೆಯನ್ನೇ ಮುಟ್ಟುವುದಿಲ್ಲ. ನೂರು ಗ್ರಾಂ ಲೆಕ್ಕದಲ್ಲಿ ಬಾಳೆ, ಸೇಬುಗಳಲ್ಲಿ ಒಂದು ಮಿ.ಗ್ರಾಂ, ಕಿತ್ತಳೆಯಲ್ಲಿ ಸೊನ್ನೆಯೆಂದೇ ಹೇಳಬೇಕು. ಸೌತೆಯಲ್ಲಿ ಎರಡು, ಟೊಮೇಟೊದಲ್ಲಿ ಐದು. ತರಕಾರಿಗಳ ಪೈಕಿ ಉಪ್ಪುಳ್ಳವು ಕ್ಯಾರೆಟ್ (ಸುಮಾರು 70), ಬೀಟ್‌ರೂಟ್, ಪಾಲಕ್, ಸೆಲರಿ (ಮೂರೂ 80ರ ಆಸುಪಾಸು). ಬರೀ ಟೊಮೇಟೊದಿಂದ 1,500 ತಲುಪಬೇಕೆಂದರೆ 30 ಕಿಲೋ ತಿನ್ನಬೇಕು! ‘ಸೆಲರಿ ರಸ ಕುಡಿದರೆ ನೈಸರ್ಗಿಕ ಸೋಡಿಯಂ ಸಿಗುತ್ತದೆ’ ಎಂಬುದು ಸುಳ್ಳಲ್ಲ, ಆದರೆ ದಿನಕ್ಕೆ ಎರಡು ಕಿಲೋ ಸೆಲರಿ ಹಿಂಡುವವರು ಯಾರು?

ಇದರ ಮೇಲೆ ಪೊಟ್ಯಾಸಿಯಂ ಬೇರೆ. ಹಸಿ ಊಟದಲ್ಲಿ ಅದು ಸಲೀಸಾಗಿ ದಿನಕ್ಕೆ ಐದಾರು ಗ್ರಾಂ ಒಳಬರುತ್ತದೆ, ಮತ್ತು ಪೊಟ್ಯಾಸಿಯಂ ಹೆಚ್ಚಾದಾಗ ಮೂತ್ರಪಿಂಡ ಸೋಡಿಯಂ ಅನ್ನೂ ಹೆಚ್ಚು ಹೊರಹಾಕುತ್ತದೆ. ಹುಲ್ಲು ಮೇಯುವ ಪ್ರಾಣಿಗಳು ಉಪ್ಪು ಮಣ್ಣನ್ನು ಹುಡುಕಿಕೊಂಡು ಹೋಗಿ ನೆಕ್ಕುತ್ತವೆ, ಮಾಂಸ ತಿನ್ನುವ ಪ್ರಾಣಿಗಳಿಗೆ ಆ ಹಂಬಲವಿಲ್ಲ. ಇದಕ್ಕೆ ಸಸ್ಯಗಳ ಪೊಟ್ಯಾಸಿಯಮ್ಮೇ ಕಾರಣವೆಂದು ಗುಸ್ಟಾವ್ ಫಾನ್ ಬುಂಗೆ ಎಂಬ ಶರೀರಕ್ರಿಯಾ ವಿಜ್ಞಾನಿ 1870ರ ದಶಕದಲ್ಲೇ ವಾದಿಸಿದ್ದ.

‘ಅಮೆಜಾನ್ ಕಾಡಿನ ಯಾನೊಮಾಮಿ ಜನ ಉಪ್ಪೇ ತಿನ್ನುವುದಿಲ್ಲ, ಅವರು ಬದುಕಿಲ್ಲವೇ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬದುಕಿದ್ದಾರೆ. ಉಪ್ಪಿಗೂ ರಕ್ತದೊತ್ತಡಕ್ಕೂ ಇರುವ ನಂಟನ್ನು ಹಲವು ದೇಶಗಳಲ್ಲಿ ಅಳೆದು 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಅಧ್ಯಯನದಲ್ಲಿ ಅವರ ಮೂತ್ರದಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ ಇತ್ತು, ರಕ್ತದೊತ್ತಡವೂ ಕಡಿಮೆ ಇತ್ತು. ಆದರೆ ಉಪ್ಪನ್ನು ಹಿಡಿದಿಡುವ ಆಲ್ಡೋಸ್ಟೆರೋನ್ ಹಾರ್ಮೋನು ಅವರಲ್ಲಿ ಸದಾ ಎತ್ತರದಲ್ಲಿರುತ್ತದೆ. ನಿನ್ನೆಯವರೆಗೆ ಹತ್ತು ಗ್ರಾಂ ಉಪ್ಪು ತಿಂದು ಇವತ್ತು ಸೊನ್ನೆಗೆ ಇಳಿದವರ ದೇಹ ಹೊಂದಿಕೊಳ್ಳುವ ಮುನ್ನ ಸಾಕಷ್ಟು ಉಪ್ಪನ್ನೂ ನೀರನ್ನೂ ಚೆಲ್ಲಿರುತ್ತದೆ. ಮೊದಲ ವಾರ ತಕ್ಕಡಿಯಲ್ಲಿ ಇಳಿಯುವ ತೂಕದ ದೊಡ್ಡ ಪಾಲು ಅದೇ.

*ಎಷ್ಟು, ಹೇಗೆ.* ಬೆವರು ಸುರಿಸದ ದಿನ ಅರ್ಧ ಟೀ ಚಮಚ ಉಪ್ಪು, ಅಂದರೆ ಮೂರು ಗ್ರಾಂ. ತರಕಾರಿಯದ್ದೂ ಸೇರಿ 1,400–1,500 ಮಿ.ಗ್ರಾಂ ಆಗುತ್ತದೆ. ಬೆಳಿಗ್ಗೆ ಒಂದು ಪುಟ್ಟ ಬಟ್ಟಲಿಗೆ ಅಷ್ಟನ್ನು ತೂಗಿ ಹಾಕಿ, ದಿನವಿಡೀ ಅದರಿಂದಲೇ ಸಲಾಡಿಗೂ ಹಣ್ಣಿಗೂ ಉದುರಿಸಿಕೊಳ್ಳಿ. ರಾತ್ರಿ ಬಟ್ಟಲು ಖಾಲಿಯಾಗಿದ್ದರೆ ಲೆಕ್ಕ ಸರಿ. ಕಣ್ಣಳತೆ ನಂಬಬೇಡಿ. ಹರಳುಪ್ಪಿನ ಒಂದು ಚಮಚ ಪುಡಿ ಉಪ್ಪಿನ ಚಮಚಕ್ಕಿಂತ ಹಗುರ.

ಬೆವರಿದ ದಿನದ ಲೆಕ್ಕ ಬೇರೆ. ಒಂದು ಲೀಟರ್ ಬೆವರಿನಲ್ಲಿ ಸರಾಸರಿ ಒಂದು ಗ್ರಾಂ ಸೋಡಿಯಂ ಹೋಗುತ್ತದೆ, ಕೆಲವರಲ್ಲಿ ಅದರ ಅರ್ಧ, ಕೆಲವರಲ್ಲಿ ಒಂದೂವರೆ ಪಟ್ಟು. ಓಡುವ ಮುಂಚೆ, ಓಡಿದ ಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ. ಒಣಗಿದ ಬಟ್ಟೆಯ ಮೇಲೆ ಬಿಳಿ ಗೆರೆ ಬೀಳುತ್ತದೆಂದರೆ ನೀವು ಉಪ್ಪು ಬೆವರಿನವರು. ಲೀಟರಿಗೆ ಕಾಲು ಚಮಚದಿಂದ ಅರ್ಧ ಚಮಚ ಹೆಚ್ಚುವರಿ ಉಪ್ಪು ಬೇಕು.

*ಯಾವ ಉಪ್ಪು.* ಗುಲಾಬಿ ಉಪ್ಪು, ಸಮುದ್ರದುಪ್ಪು, ಕಪ್ಪುಪ್ಪು ಎಲ್ಲದರ ಬಹುಪಾಲು ಸೋಡಿಯಂ ಕ್ಲೋರೈಡೇ. ‘ಎಂಬತ್ತನಾಲ್ಕು ಖನಿಜ’ ಎಂದು ಪೊಟ್ಟಣದ ಮೇಲೆ ಬರೆದಿರುವುದು ಎಷ್ಟು ಸೂಕ್ಷ್ಮ ಪ್ರಮಾಣದಲ್ಲಿ ಎಂದರೆ, ಆ ಖನಿಜಗಳಿಗಾಗಿ ಉಪ್ಪು ತಿನ್ನುವುದಕ್ಕಿಂತ ಒಂದು ಹಿಡಿ ಸೊಪ್ಪು ತಿನ್ನುವುದು ಮೇಲು. ನನ್ನ ಆಯ್ಕೆ ಅಗ್ಗದ ಅಯೋಡಿನ್ ಉಪ್ಪು. ಏಕೆಂಬುದು ಮುಂದಿನ ಹೆಜ್ಜೆಯಲ್ಲಿದೆ. ತಪ್ಪಿಯೂ ಕೊಳ್ಳಬಾರದ್ದು ‘ಕಡಿಮೆ ಸೋಡಿಯಂ’ ಉಪ್ಪು. ಅದರಲ್ಲಿ ಸೋಡಿಯಂನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಬೇರೆಯವರಿಗೆ ಒಳ್ಳೆಯದಿರಬಹುದು, ನಮಗೆ ಮಾತ್ರ ಇರುವುದನ್ನೇ ಮತ್ತೆ ಕೊಟ್ಟು ಇಲ್ಲದ್ದನ್ನು ಕಸಿದಂತೆ.

*ಉಪ್ಪನ್ನು ಊಟವಾಗಿಸುವ ದಾರಿ: ಹುಳಿ ಬರಿಸಿದ ಎಲೆಕೋಸು.* ಚಿಟಿಕೆ ಉಪ್ಪು ಉದುರಿಸಿಕೊಳ್ಳುವುದು ಇಷ್ಟವಾಗದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಒಂದು ಕಿಲೋ ಎಲೆಕೋಸನ್ನು ಎಳೆಎಳೆಯಾಗಿ ಹೆಚ್ಚಿ. 20 ಗ್ರಾಂ ಉಪ್ಪು ಬೆರೆಸಿ ಹತ್ತು ನಿಮಿಷ ಕೈಯಿಂದ ಗಟ್ಟಿಯಾಗಿ ಹಿಸುಕಿ. ನೀರು ಬಿಡುತ್ತದೆ, ಬೇರೆ ನೀರು ಬೇಡ. ಶುಭ್ರ ಗಾಜಿನ ಜಾಡಿಗೆ ಒತ್ತಿ ತುಂಬಿ, ಮೇಲೊಂದು ಭಾರವಿಟ್ಟು ಕೋಸು ತನ್ನದೇ ರಸದಲ್ಲಿ ಪೂರ್ತಿ ಮುಳುಗುವಂತೆ ನೋಡಿಕೊಳ್ಳಿ. ಮೇಲೆದ್ದ ಒಂದು ಎಳೆಯೂ ಬೂಷ್ಟಿಗೆ ಕರೆಯೋಲೆ. 18ರಿಂದ 22 ಡಿಗ್ರಿಯ ಜಾಗದಲ್ಲಿ ಒಂದರಿಂದ ಮೂರು ವಾರ ಇಡಿ. ಮೊದಲ ದಿನಗಳಲ್ಲಿ ಗುಳ್ಳೆ ಏಳುತ್ತದೆ, ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಿ. ಹುಳಿ ನಾಲಿಗೆಗೆ ಹಿಡಿಸಿದಾಗ ಫ್ರಿಜ್‌ಗೆ ಸೇರಿಸಿ. ಬಣ್ಣದ ಬೂಷ್ಟು ಬಂದರೆ, ಕೊಳೆತ ವಾಸನೆ ಬಂದರೆ ಮರುಮಾತಿಲ್ಲದೆ ಎಸೆಯಿರಿ. ರಸದೊಂದಿಗೆ ನೂರು ಗ್ರಾಂ ತಿಂದರೆ ಸುಮಾರು 780 ಮಿ.ಗ್ರಾಂ ಸೋಡಿಯಂ, ಅಂದರೆ ದಿನದ ಅರ್ಧ ಪಾಲು. ಅಷ್ಟನ್ನು ಪುಟ್ಟ ಬಟ್ಟಲಿನ ಉಪ್ಪಿನಿಂದ ಕಳೆಯಲು ಮರೆಯಬೇಡಿ. ಉಪ್ಪನ್ನು ಶೇ 2ಕ್ಕಿಂತ ಕೆಳಗಿಳಿಸಿ ಜಾಣತನ ಮಾಡಲೂ ಹೋಗಬೇಡಿ, ಕೆಟ್ಟ ಸೂಕ್ಷ್ಮಜೀವಿಗಳನ್ನು ಮೊದಲ ದಿನಗಳಲ್ಲಿ ತಡೆಯುವುದು ಅದೇ ಉಪ್ಪು.

*ಸಾಲದೆಂದು ತಿಳಿಯುವುದು ಹೇಗೆ.* ಎದ್ದಾಗ ತಲೆ ಸುತ್ತು, ಸಂಜೆಯ ತಲೆನೋವು, ಮೀನಖಂಡ ಹಿಡಿಯುವುದು, ಉಪ್ಪಿನ ತೀವ್ರ ಆಸೆ. ಮನೆಯಲ್ಲಿ ರಕ್ತದೊತ್ತಡದ ಯಂತ್ರವಿದ್ದರೆ ಹೀಗೆ ಮಾಡಿ: ಐದು ನಿಮಿಷ ಮಲಗಿ ಅಳೆಯಿರಿ, ಎದ್ದು ನಿಂತು ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ಮತ್ತೆ ಅಳೆಯಿರಿ. ಮೇಲಿನ ಅಂಕಿ 20, ಇಲ್ಲವೇ ಕೆಳಗಿನದು 10 ಇಳಿದರೆ ವೈದ್ಯರ ಬಳಿ ಹೋಗಲು ಕಾರಣ ಸಿಕ್ಕಿತು. ಉಪ್ಪಿನ ಕೊರತೆಯೊಂದೇ ಕಾರಣವಾಗಿರಬೇಕೆಂದಿಲ್ಲ, ರಕ್ತಹೀನತೆಯೂ ಇರಬಹುದು.

ನೀರಿನ ಬಗ್ಗೆ ಒಂದು ಗಟ್ಟಿ ಮಾತು. ಬಾಯಾರಿದಾಗ ಕುಡಿಯಿರಿ, ಲೀಟರ್ ಎಣಿಸಿ ಕುಡಿಯಬೇಡಿ. ಹಣ್ಣು ತರಕಾರಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಮೂತ್ರಪಿಂಡ ನೀರನ್ನು ಹೊರಹಾಕಬೇಕೆಂದರೆ ಅದರ ಜೊತೆ ಒಂದಿಷ್ಟು ಕರಗಿದ ಪದಾರ್ಥ ಹೋಗಲೇಬೇಕು. ಉಪ್ಪೂ ಇಲ್ಲ, ಪ್ರೊಟೀನೂ ಇಲ್ಲ ಎಂಬ ತೆಳು ಊಟದಲ್ಲಿ, ಮುಖ್ಯವಾಗಿ ರಸದ ಉಪವಾಸಗಳಲ್ಲಿ, ಆ ಸಾಮರ್ಥ್ಯ ಕುಸಿದು ನೀರು ದೇಹದಲ್ಲೇ ನಿಂತು ರಕ್ತದ ಸೋಡಿಯಂ ತೆಳುವಾಗುತ್ತದೆ. ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿದರೆ ಅದು ಹೈಪೊನಟ್ರೀಮಿಯಾ. ವಾಂತಿ, ಗೊಂದಲದ ಮಾತು, ತೂರಾಟ, ಸೆಳೆತ ಕಂಡರೆ ಮನೆಯಲ್ಲಿ ಉಪ್ಪುನೀರು ಕುಡಿಸುತ್ತ ಕೂರಬೇಡಿ, ಆಸ್ಪತ್ರೆಗೆ ಓಡಿ. ಬಹುದಿನದಿಂದ ಇಳಿದ ಸೋಡಿಯಂ ಅನ್ನು ಏಕಾಏಕಿ ಏರಿಸಿದರೂ ಮಿದುಳಿಗೆ ಪೆಟ್ಟು ಬೀಳುತ್ತದೆ, ಅದನ್ನು ಅಳೆದು ಏರಿಸಬೇಕು.

ಹೆಜ್ಜೆ 3: ಅಯೋಡಿನ್

ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ. ತರಕಾರಿಯಲ್ಲಿ ಎಷ್ಟಿದೆ ಎಂಬುದು ಅದು ಬೆಳೆದ ಮಣ್ಣಿನ ಭಾಗ್ಯ. ಅಯೋಡಿನ್ ಸೇರಿಸಿದ ಉಪ್ಪಿನಲ್ಲಿ ಕಿಲೋಗೆ 20ರಿಂದ 40 ಮಿ.ಗ್ರಾಂ ಇದ್ದರೆ, ಮೂರು ಗ್ರಾಂ ಉಪ್ಪಿನಿಂದ 60ರಿಂದ 120 ಮೈಕ್ರೋಗ್ರಾಂ ಬರುತ್ತದೆ. ಹತ್ತಿರ ಬಂತು, ಪೂರ್ತಿಯಾಗಲಿಲ್ಲ. ಉಳಿದದ್ದಕ್ಕೆ ಒಂದೆರಡು ಹಾಳೆ ನೋರಿ ಪಾಚಿ, ಅಥವಾ ಅಯೋಡಿನ್ ಇರುವ ಮಲ್ಟಿವಿಟಮಿನ್. ಅಯೋಡಿನ್ ಇಲ್ಲದ ಉಪ್ಪು ಬಳಸುವವರು 150 ಮೈಕ್ರೋಗ್ರಾಂನ ಮಾತ್ರೆಯನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು.

ಕಡಲಪಾಚಿ ಎಂದರೆ ಎಲ್ಲವೂ ಒಂದೇ ಅಲ್ಲ. ನೋರಿಯಲ್ಲಿ ಅಯೋಡಿನ್ ಸೌಮ್ಯ. ಕೆಲ್ಪ್, ಕೊಂಬು ಎಂಬ ಕಂದು ಪಾಚಿಗಳಲ್ಲಿ ಒಂದೇ ಗ್ರಾಂನಲ್ಲಿ 2,000 ಮೈಕ್ರೋಗ್ರಾಂ ದಾಟಬಹುದು. ಅಮೆರಿಕದ ಗರಿಷ್ಠ ಮಿತಿ ದಿನಕ್ಕೆ 1,100, ಯುರೋಪಿನದು 600. ಥೈರಾಯ್ಡ್ ಕೊರತೆಗೆ ಮುನಿಯುವಂತೆ ಅತಿಗೂ ಮುನಿಯುತ್ತದೆ. ಹಿಜಿಕಿ ಎಂಬ ಕಪ್ಪು ಪಾಚಿಯಲ್ಲಿ ಅಜೈವಿಕ ಆರ್ಸೆನಿಕ್ ಹೆಚ್ಚಿರುವುದರಿಂದ ಅದನ್ನು ತಿನ್ನಲೇಬೇಡಿ ಎಂದು ಬ್ರಿಟನ್ನಿನ ಆಹಾರ ಮಾನದಂಡ ಸಂಸ್ಥೆ ಹೇಳಿದೆ. ಇನ್ನೊಂದು ಸಂಗತಿ, ಎಲೆಕೋಸು, ಅದೇ ಜಾತಿಯ ಸೊಪ್ಪಾದ ಕೇಲ್‌ಗಳನ್ನು ಹಸಿಯಾಗಿ ರಾಶಿ ತಿನ್ನುವುದು ಅಯೋಡಿನ್ ಸಾಕಷ್ಟಿರುವವರಿಗೆ ತೊಂದರೆಯಲ್ಲ. ಕೊರತೆಯಿರುವವರಿಗೆ ಹೌದು.

ಹೆಜ್ಜೆ 4: ಬಿ12, ಚರ್ಚೆಯೇ ಬೇಡ

ಬಿ12 ತಯಾರಿಸುವುದು ಬ್ಯಾಕ್ಟೀರಿಯಾ. ಗಿಡಗಳಿಗೆ ಅದು ಬೇಡ, ಹಾಗಾಗಿ ಗಿಡಗಳಲ್ಲಿ ಇಲ್ಲ. ತೊಳೆಯದ ಸೊಪ್ಪಿನಿಂದ ಸಿಗುತ್ತದೆ ಎಂದು ನಂಬಿದವರಿಗೆ ಬಿ12ಕ್ಕಿಂತ ಮೊದಲು ಜಂತುಹುಳು ಸಿಗುತ್ತದೆ. ಸ್ಪಿರುಲಿನಾದಲ್ಲಿರುವುದು ಬಹುಪಾಲು ಬಿ12ರ ವೇಷಧಾರಿ. ದೇಹಕ್ಕೆ ಕೆಲಸಕ್ಕೆ ಬಾರದು, ಆದರೆ ಕೆಲವು ಪರೀಕ್ಷೆಗಳಲ್ಲಿ ಅಸಲಿಯಂತೆ ಕಾಣಿಸಿಕೊಳ್ಳುತ್ತದೆ. ಯಕೃತ್ತಿನಲ್ಲಿ ವರ್ಷಗಳಿಗಾಗುವಷ್ಟು ದಾಸ್ತಾನು ಇರುವುದರಿಂದ ‘ಎರಡು ವರ್ಷವಾಯಿತು, ನನಗೇನೂ ಆಗಿಲ್ಲ’ ಎಂಬ ಮಾತಿಗೆ ಬೆಲೆಯಿಲ್ಲ. ಗೀಸೆನ್‌ನವರು 2005ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ 201 ಹಸಿ ಆಹಾರಿಗಳ ಪೈಕಿ ಶೇ 38 ಮಂದಿಗೆ ಬಿ12 ಕೊರತೆಯಿತ್ತು.

ಹಸಿ ಊಟದವರಿಗೆ ಇಲ್ಲೊಂದು ವಿಶೇಷ ಬಲೆಯಿದೆ. ಸೊಪ್ಪಿನಲ್ಲಿ ಫೋಲೇಟ್ ಧಾರಾಳ. ಅದು ಬಿ12 ಕೊರತೆಯ ರಕ್ತಹೀನತೆಯನ್ನು ಮುಚ್ಚಿಡುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೇ ಸಾಗುತ್ತದೆ. ಪಾದ ಜುಮ್ಮೆನ್ನುವ ಹೊತ್ತಿಗೆ ತಡವಾಗಿರಬಹುದು.

ಪ್ರಮಾಣ: ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂನ ಮಾತ್ರೆ, ಅಥವಾ ವಾರಕ್ಕೆ 2,000 ಮೈಕ್ರೋಗ್ರಾಂ. ದಿನದ ಅಗತ್ಯ 2.4 ಅಷ್ಟೇ ಆಗಿರುವಾಗ ಇಷ್ಟೇಕೆ? ಕರುಳು ಒಂದು ಸಲಕ್ಕೆ ಒಂದೂವರೆಯಿಂದ ಎರಡು ಮೈಕ್ರೋಗ್ರಾಂ ಮಾತ್ರ ಸರಿಯಾದ ಬಾಗಿಲಿನಿಂದ ಒಳಬಿಡುತ್ತದೆ. ಮಿಕ್ಕಿದ್ದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಹಾಗೇ ಜಿನುಗುತ್ತದೆ.

ಹೆಜ್ಜೆ 5: ವಿಟಮಿನ್ ಡಿ

ಬಿಸಿಲು ಸಿಕ್ಕರೆ ಬಿಸಿಲು. ಚಳಿಗಾಲ ಉದ್ದವಿರುವಲ್ಲಿ, ಮನೆಯೊಳಗಿನ ಕೆಲಸದವರಲ್ಲಿ, ಮೈಬಣ್ಣ ಗಾಢವಿರುವವರಲ್ಲಿ ಅದನ್ನೇ ನೆಚ್ಚಲಾಗದು. ಕಲ್ಲುಹೂವಿನಿಂದ ತೆಗೆದ ಡಿ3 ಸಿಗುತ್ತದೆ, ಅದು ವೀಗನ್, ಅಂದರೆ ಪ್ರಾಣಿಮೂಲದ್ದಲ್ಲ. ದಿನಕ್ಕೆ 600 ಐಯು ಸಾಮಾನ್ಯ ಪ್ರಮಾಣ. ರಕ್ತಪರೀಕ್ಷೆಯಲ್ಲಿ ಕಡಿಮೆ ಬಂದರೆ ವೈದ್ಯರು ಹೆಚ್ಚು ಬರೆಯುತ್ತಾರೆ.

ಹೆಜ್ಜೆ 6: ಕ್ಯಾಲ್ಸಿಯಂ, ಕಬ್ಬಿಣ, ಸತು

ಇಲ್ಲಿ ‘ಎಷ್ಟಿದೆ’ ಎಂಬುದಕ್ಕಿಂತ ‘ಎಷ್ಟು ಒಳಗೆ ಹೋಗುತ್ತದೆ’ ಎಂಬುದು ದೊಡ್ಡ ಪ್ರಶ್ನೆ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಎಂಬ ಪದಾರ್ಥ ಅದನ್ನು ಬಿಗಿಯಾಗಿ ಕಟ್ಟಿಹಾಕಿದೆ. ನೂರರಲ್ಲಿ ಐದು ಪಾಲಷ್ಟೇ ರಕ್ತಕ್ಕೆ ಸೇರುತ್ತದೆ. ಕೇಲ್ ಸೊಪ್ಪಿನಲ್ಲಿ ಆಕ್ಸಲೇಟ್ ಕಡಿಮೆ, ಅದರ ಕ್ಯಾಲ್ಸಿಯಂನ ಸುಮಾರು ಶೇ 40 ಸೇರುತ್ತದೆ. ಹಾಗಾಗಿ ಸ್ಮೂದಿಗೆ ದಿನವೂ ಪಾಲಕ್ ಕಟ್ಟು ಸುರಿಯುವ ಅಭ್ಯಾಸ ಬಿಟ್ಟು ಕೇಲ್, ಚೈನೀಸ್ ಎಲೆಕೋಸು, ಸಾಸಿವೆ ಸೊಪ್ಪಿಗೆ ಬನ್ನಿ. ಪಾಲಕ್ ಅತಿಯಾದರೆ ಮೂತ್ರಪಿಂಡದ ಕಲ್ಲಿಗೂ ದಾರಿ. ಎಳ್ಳಿನ ಸಿಪ್ಪೆಯಲ್ಲಿ ಕ್ಯಾಲ್ಸಿಯಂ ಬಹಳ, ಆದರೆ ಅಲ್ಲಿಯೂ ಆಕ್ಸಲೇಟ್ ಇದೆ. ಚಿಯಾ, ಬಾದಾಮಿ, ಒಣ ಅಂಜೂರ, ಕಿತ್ತಳೆ ಸೇರಿಸಿ 1,000 ಮಿ.ಗ್ರಾಂ ತಲುಪಬಹುದು. ತಲುಪದಿದ್ದರೆ 300–500 ಮಿ.ಗ್ರಾಂನ ಮಾತ್ರೆ ತೆಗೆದುಕೊಳ್ಳುವುದರಲ್ಲಿ ಸೋಲೇನಿಲ್ಲ. 2005ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 18 ದೀರ್ಘಕಾಲದ ಹಸಿ ಸಸ್ಯಾಹಾರಿಗಳನ್ನು ಪರೀಕ್ಷಿಸಿದಾಗ ಸೊಂಟದ ಮೂಳೆ, ಬೆನ್ನುಮೂಳೆಗಳ ಸಾಂದ್ರತೆ ಕಡಿಮೆಯಿತ್ತು. ಅವರೆಲ್ಲ ಸಪೂರವಾಗಿದ್ದರೆಂಬುದೂ ಅದಕ್ಕೆ ಕಾರಣ. ಮೂಳೆಗೆ ಭಾರ ಹೊರುವ ಕೆಲಸ ಕೊಡಿ, ತೂಕ ಎತ್ತಿ, ನಡೆಯಿರಿ.

ಕಬ್ಬಿಣ ಗಂಡಸರಿಗೆ 8, ಮುಟ್ಟಾಗುವ ಮಹಿಳೆಯರಿಗೆ 18 ಮಿ.ಗ್ರಾಂ ಎಂಬುದು ಎಲ್ಲವನ್ನೂ ತಿನ್ನುವವರ ಲೆಕ್ಕ. ಬರೀ ಸಸ್ಯದಿಂದಾದರೆ ಅದರ 1.8 ಪಟ್ಟು ಇಟ್ಟುಕೊಳ್ಳಿ ಎಂಬ ಸಲಹೆಯಿದೆ. ಸಮಾಧಾನವೆಂದರೆ ವಿಟಮಿನ್ ಸಿ ಕಬ್ಬಿಣವನ್ನು ಕೈಹಿಡಿದು ಒಳಗೆ ಕರೆದೊಯ್ಯುತ್ತದೆ, ಮತ್ತು ಹಸಿ ತಟ್ಟೆಯಲ್ಲಿ ಅದಕ್ಕೆ ಬರವಿಲ್ಲ. ಕಾಳು, ಬೀಜದ ಜೊತೆಗೇ ನಿಂಬೆ, ಟೊಮೇಟೊ, ದೊಣ್ಣೆಮೆಣಸು ಇರಲಿ. ಕಾಫಿ, ಟೀ ಊಟದಿಂದ ಒಂದು ಗಂಟೆ ದೂರವಿರಲಿ.

ಸತುವಿನ ಅಡ್ಡಗೋಡೆ ಕಾಳು, ಬೀಜಗಳಲ್ಲಿರುವ ಫೈಟೇಟ್ ಎಂಬ ಪದಾರ್ಥ. ಕಾಳುಗಳನ್ನು ನೆನೆಸಿ ಮೊಳಕೆ ಬರಿಸಿದರೆ ಅದು ಇಳಿಯುತ್ತದೆ. ಬಾದಾಮಿಯಂಥವನ್ನು ರಾತ್ರಿಯಿಡೀ ನೆನೆಸಿದರೆ ಮೆದುವಾಗುತ್ತವೆಯೇ ಹೊರತು ಫೈಟೇಟ್ ಹೆಚ್ಚೇನೂ ಕದಲುವುದಿಲ್ಲ. ಸಿಹಿಗುಂಬಳದ ಬೀಜ ಸತುವಿಗೂ ಕಬ್ಬಿಣಕ್ಕೂ ಒಂದೇ ಬಾಣ: ನೂರು ಗ್ರಾಂನಲ್ಲಿ ಸುಮಾರು 7.8 ಮಿ.ಗ್ರಾಂ ಸತು, 8.8 ಮಿ.ಗ್ರಾಂ ಕಬ್ಬಿಣ, 30 ಗ್ರಾಂ ಪ್ರೊಟೀನ್.

ಹೆಜ್ಜೆ 7: ಪ್ರೊಟೀನ್, ಒಮೆಗಾ 3, ಸೆಲೆನಿಯಂ

ಪ್ರೊಟೀನ್ ತೂಕದ ಪ್ರತಿ ಕಿಲೋಗೆ 0.8 ಗ್ರಾಂ. ಬರೀ ಹಣ್ಣಿನಿಂದ ಆಗದು. ಬೀಜ ಮತ್ತು ಮೊಳಕೆ ಎರಡೂ ಬೇಕು, ಲೈಸಿನ್ ಎಂಬ ಅಮೈನೋ ಆಮ್ಲ ಬಾದಾಮಿ, ಎಳ್ಳುಗಳಲ್ಲಿ ಕಡಿಮೆ, ಕಾಳುಗಳಲ್ಲಿ ಹೆಚ್ಚು.

ಹಸಿ ಮೊಳಕೆಯ ವಿಷಯದಲ್ಲಿ ಎರಡು ಎಚ್ಚರಿಕೆ. ಕೆಂಪು ರಾಜ್ಮಾವನ್ನು ಮೊಳಕೆ ಬರಿಸಿದರೂ ಹಸಿ ತಿನ್ನಬಾರದು, ಅದರಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ವಾಂತಿಭೇದಿ ತರುತ್ತದೆ. ಮಸೂರ, ಹೆಸರು ಸಾಕು. ಎರಡನೆಯದು, ಮೊಳಕೆ ಬರಿಸುವ ಬೆಚ್ಚಗಿನ ತೇವ ರೋಗಾಣುಗಳಿಗೂ ಇಷ್ಟ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯ ಮೊಳಕೆಯ ಮೂಲಕ ಹರಡಿದ ಇ.ಕೋಲೈಯಿಂದ ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿ ಮಲಗಿದರು, ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ದಿನಕ್ಕೆ ಎರಡು ಮೂರು ಸಲ ತೊಳೆದು ನೀರು ಬಸಿಯಿರಿ, ಮೊಳೆತ ಕೂಡಲೇ ಫ್ರಿಜ್‌ಗಿಡಿ, ಅಂಟು ಬಂದರೆ ಎಸೆಯಿರಿ. ತೊಳೆಯುವುದರಿಂದ ಅಪಾಯ ತಗ್ಗುತ್ತದೆ, ಹೋಗುವುದಿಲ್ಲ. ರೋಗನಿರೋಧಕ ಶಕ್ತಿ ಕುಂದಿದವರು, ವಯಸ್ಸಾದವರು ಹಸಿ ಮೊಳಕೆ ಬಿಡುವುದೇ ಸರಿ.

ಒಂದು ದೊಡ್ಡ ಚಮಚ ಪುಡಿ ಮಾಡಿದ ಅಗಸೆ ಬೀಜದಲ್ಲಿ ಸುಮಾರು 1.6 ಗ್ರಾಂ ಎಎಲ್ಎ (ಸಸ್ಯಗಳಲ್ಲಿ ಸಿಗುವ ಒಮೆಗಾ 3), ದಿನಕ್ಕೆ ಅಷ್ಟು ಸಾಕು. ಇಡೀ ಬೀಜ ನುಂಗಿದರೆ ಹಾಗೇ ಹೊರಹೋಗುತ್ತದೆ. ದೇಹ ಇದರಿಂದ ಡಿಎಚ್ಎ (ಮಿದುಳು, ಕಣ್ಣಿಗೆ ಬೇಕಾದ ಒಮೆಗಾ 3) ಮಾಡಿಕೊಳ್ಳುವುದು ಅಲ್ಪಸ್ವಲ್ಪ. ಬೇಕೆನಿಸಿದರೆ ಪಾಚಿಯೆಣ್ಣೆಯ ಮಾತ್ರೆ ಇದೆ. ಸೆಲೆನಿಯಂಗೆ ದಿನಕ್ಕೊಂದು ಬ್ರೆಜಿಲ್ ನಟ್. ರುಚಿಯೆಂದು ಹಿಡಿಗಟ್ಟಲೆ ತಿನ್ನಬೇಡಿ, ಅದರ ವಿಷಕ್ಕೆ ಉಗುರು ಕೂದಲು ಉದುರುತ್ತವೆ.

ಹೆಜ್ಜೆ 8: ಒಂದು ದಿನದ ತಟ್ಟೆ

ಬೆಳಿಗ್ಗೆ ನಾಲ್ಕು ಬಾಳೆಹಣ್ಣು, ಎರಡು ಕಿತ್ತಳೆ, ನೆನೆಸಿದ ಚಿಯಾ ಎರಡು ದೊಡ್ಡ ಚಮಚ. ಮಧ್ಯಾಹ್ನ ಕೇಲ್ 150 ಗ್ರಾಂ, ಕ್ಯಾರೆಟ್ 150, ಟೊಮೇಟೊ 200, ಒಂದು ಬೆಣ್ಣೆಹಣ್ಣು, ಕುಂಬಳದ ಬೀಜ 40 ಗ್ರಾಂ, ನಿಂಬೆ. ಸಂಜೆ ಐದು ದೊಡ್ಡ ಖರ್ಜೂರ, ಬಾದಾಮಿ 30 ಗ್ರಾಂ, ಒಂದು ಬ್ರೆಜಿಲ್ ನಟ್. ರಾತ್ರಿ ಮಸೂರದ ಮೊಳಕೆ 150 ಗ್ರಾಂ, ಹಸಿ ಎಳ್ಳಿನ ಪೇಸ್ಟ್ 30 ಗ್ರಾಂ, ಹುಳಿ ಎಲೆಕೋಸು 75 ಗ್ರಾಂ. ಕೇಲ್ ಅನ್ನು ನಿಂಬೆ, ಉಪ್ಪು, ಬೆಣ್ಣೆಹಣ್ಣಿನ ಜೊತೆ ಕೈಯಿಂದ ಹಿಸುಕಿದರೆ ಮೆದುವಾಗುತ್ತದೆ. ಆ ಕೊಬ್ಬಿನಿಂದ ಕ್ಯಾರೆಟ್ಟಿನ ಕ್ಯಾರೋಟಿನ್ ಕೂಡ ಚೆನ್ನಾಗಿ ಹೀರಲ್ಪಡುತ್ತದೆ.

ಲೆಕ್ಕ ಹಾಕಿದರೆ ಸುಮಾರು 2,100 ಕ್ಯಾಲರಿ, 60 ಗ್ರಾಂ ಪ್ರೊಟೀನ್, ಕ್ಯಾಲ್ಸಿಯಂ 900–1,000 ಮಿ.ಗ್ರಾಂ, ಪೊಟ್ಯಾಸಿಯಂ ಆರು ಗ್ರಾಂಗೂ ಮೇಲೆ. ಸೋಡಿಯಂ? ಹುಳಿ ಕೋಸನ್ನು ಪಕ್ಕಕ್ಕಿಟ್ಟರೆ ಈ ಇಡೀ ರಾಶಿಯಲ್ಲಿ 250 ಮಿ.ಗ್ರಾಂ! ಕೋಸಿನಿಂದ 590 ಬಂತು. ಇನ್ನು ಕಾಲು ಚಮಚ ಉಪ್ಪು, 580. ಒಟ್ಟು 1,420. ಮೇಲೆ ಬಿ12, ಡಿ ಮಾತ್ರೆಗಳು, ಅಯೋಡಿನ್. ಕಬ್ಬಿಣ ಸುಮಾರು 18 ಮಿ.ಗ್ರಾಂ ಬರುತ್ತದೆ. ಗಂಡಸರಿಗೆ ಸಾಕು, ಮುಟ್ಟಾಗುವವರಿಗೆ ಸಾಲದೆ ಹೋಗಬಹುದು, ಅದನ್ನು ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆಯೇ ಹೇಳಬೇಕು.

ಒಣಹಣ್ಣು, ಹುಳಿಹಣ್ಣು ದಿನವಿಡೀ ಮೆಲ್ಲುವ ಅಭ್ಯಾಸ ಹಲ್ಲಿನ ಎನಾಮಲ್ ಸವೆಸುತ್ತದೆ. ಹಣ್ಣನ್ನು ಊಟದಂತೆ ಒಂದೇ ಸಲಕ್ಕೆ ತಿಂದು ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಹಲ್ಲುಜ್ಜಿ.

ಹೆಜ್ಜೆ 9: ರಕ್ತಪರೀಕ್ಷೆ

ಶುರುವಿಗೆ ಮುನ್ನ ಒಮ್ಮೆ, ಮೂರು ತಿಂಗಳಾದ ಮೇಲೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ರಕ್ತದ ಪೂರ್ಣ ಎಣಿಕೆ, ಫೆರಿಟಿನ್, ಬಿ12ರ ಜೊತೆ ಅದರ ಕೊರತೆಯಲ್ಲಿ ಏರುವ ಹೋಮೋಸಿಸ್ಟೀನ್ ಅಥವಾ ಮೀಥೈಲ್‌ಮೆಲೋನಿಕ್ ಆಮ್ಲ, ವಿಟಮಿನ್ ಡಿ, ಟಿಎಸ್ಎಚ್ (ಥೈರಾಯ್ಡ್‌ಗೆ), ಸೋಡಿಯಂ-ಪೊಟ್ಯಾಸಿಯಂ, ಕ್ರಿಯಾಟಿನಿನ್ (ಮೂತ್ರಪಿಂಡಕ್ಕೆ). ಸೋಡಿಯಂ ಫಲಿತಾಂಶ ಓದುವಾಗ ಒಂದು ಸೂಕ್ಷ್ಮ ನೆನಪಿಡಿ. ರಕ್ತದ ಸೋಡಿಯಂ ಸರಿಯಿದ್ದ ಮಾತ್ರಕ್ಕೆ ತಿನ್ನುವ ಉಪ್ಪು ಸಾಕು ಎಂದಲ್ಲ. ದೇಹ ರಕ್ತದ ಸಾಂದ್ರತೆಯನ್ನು ಕೊನೆಯವರೆಗೂ ಕಾಪಾಡುತ್ತದೆ, ಅದಕ್ಕಾಗಿ ರಕ್ತದ ಒಟ್ಟು ಪ್ರಮಾಣವನ್ನೇ ಕುಗ್ಗಿಸಿಕೊಳ್ಳುತ್ತದೆ. ನನ್ನ ವರದಿಯಲ್ಲಿ ಅಂಕಿ 137 ಇತ್ತು, ‘ನಾರ್ಮಲ್’ ಎಂದೇ ಮುದ್ರಿಸಿದ್ದರು. ಎದ್ದು ನಿಂತಾಗ ಕತ್ತಲೆ ಬರುವುದು ನಿಂತದ್ದು ಮಾತ್ರ ಪುಟ್ಟ ಬಟ್ಟಲಿನ ಮೂರು ಗ್ರಾಂ ಉಪ್ಪು ಶುರುವಾಗಿ ಹತ್ತು ದಿನಕ್ಕೆ. ಒಂದು ಪೂರ್ತಿ ದಿನದ, ಅಂದರೆ 24 ಗಂಟೆಯ ಮೂತ್ರ ಹಿಡಿದು ಸೋಡಿಯಂ ಅಳೆಸಿದರೆ ತಿಂದದ್ದರ ನಿಜ ಲೆಕ್ಕ ಸಿಗುತ್ತದೆ. ಗೋಜಲು, ಹೌದು. ಸಂಶಯ ಬಗೆಹರಿಯದಿದ್ದರೆ ವೈದ್ಯರಿಗೆ ಹೇಳಿ ಅದನ್ನು ಬರೆಸಿಕೊಳ್ಳಿ.